ಹೋಮಿಯೋಪತಿ ಮತ್ತು ಬಾಸ್ಕೆಟ್‌ಬಾಲ್

ನಮ್ಮ ಕರಾವಳಿಯಲ್ಲಿ ಹೊನಲು ಬೆಳಕಿನ ಪಂದ್ಯಾಟವೆಂದರೆ ಮೊದಲು ಕಬಡ್ಡಿ, ಅದು ಬಿಟ್ಟರೆ ವಾಲಿಬಾಲ್. ಕೊಯ್ಲು ಮುಗಿದದ್ದೇ ತಡ, ಊರೂರಿನ ಗದ್ದೆಗಳಲ್ಲಿ ಧ್ವನಿವರ್ಧಕ ಕಟ್ಟಿ ಬೆಳಗಿನ ಜಾವದವರೆಗೆ ಆಡಿಸುತ್ತಾರೆ. ಬಾಸ್ಕೆಟ್‌ಬಾಲ್‌ಗೆ ಆ ಭಾಗ್ಯವಿಲ್ಲ. ಮಂಗಳೂರಿನ ಕಾನ್ವೆಂಟ್ ಮತ್ತು ಕಾಲೇಜುಗಳ ಸಿಮೆಂಟ್ ಅಂಗಣಗಳಲ್ಲಿ ಶುರುವಾಗಿ, ಪದವಿ ಕೈಗೆ ಬರುವಷ್ಟರಲ್ಲಿ ಮುಗಿದುಹೋಗುವ ಆಟ ಅದು. ನಾನೂ ಹಾಗೆಯೇ ಆಡಿ ಬಿಟ್ಟವಳು. ಆಗ ಇಪ್ಪತ್ತು ನಿಮಿಷಗಳ ಎರಡು ಅವಧಿಗಳಿದ್ದವು. 2000ದಲ್ಲಿ ಅದು ಹತ್ತು ನಿಮಿಷಗಳ ನಾಲ್ಕು ಅವಧಿಯಾಯಿತು, ಚೆಂಡನ್ನು ರಿಂಗಿನತ್ತ ಎಸೆಯಲು ಇದ್ದ 30 ಸೆಕೆಂಡು 24ಕ್ಕೆ ಇಳಿಯಿತು. ಆಟಕ್ಕೆ ಅವಸರ ಬಂದದ್ದು ನಾನು ಬಿಟ್ಟ ಮೇಲೆ.

ಮಂಗಳೂರಿನ ಲಾಲ್‌ಬಾಗ್ ಕಡೆಯ ಒಂದು ಅಂಗಣದಲ್ಲಿ ಬೆಂಗಳೂರಿನ ಬ್ಯಾಂಕ್ ತಂಡಕ್ಕೂ ರೈಲ್ವೆಯವರಿಗೂ ಪಂದ್ಯವಿದೆ ಎಂದು ಸುದ್ದಿ ತಂದವನು ಅಕ್ಕನ ಮಗ. ತಂದವನೇ ಮೂಗು ಮುರಿದ: "ಇವರೆಲ್ಲ ವೃತ್ತಿಪರರಲ್ಲ ಬಿಡಿ, ಚಿಕ್ಕಮ್ಮ." 2019ರಲ್ಲಿ ಅಮೆರಿಕದ ಎನ್‌ಬಿಎ ಲೀಗಿನ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ತಂಡಗಳು ಮುಂಬಯಿಗೆ ಬಂದು ಎರಡು ಪಂದ್ಯ ಆಡಿದಾಗ ತನ್ನನ್ನು ಯಾರೂ ಕರೆದುಕೊಂಡು ಹೋಗಲಿಲ್ಲ ಎಂಬ ಸಿಟ್ಟು ಅವನಿಗೆ ಇಂದಿಗೂ ಇದೆ. ಆ ಲೀಗಿನಲ್ಲಿ ಆಡದವನು ಅವನ ಲೆಕ್ಕದಲ್ಲಿ ಆಟಗಾರನೇ ಅಲ್ಲ. ನನಗೆ ಈ ಮಾತು ಸರಿ ಕಾಣುವುದಿಲ್ಲ. ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲ್ ಲೀಗುಗಳು ಹುಟ್ಟಿ, ನಾಲ್ಕು ದಿನ ಮಿಂಚಿ, ಮರೆಯಾಗಿವೆ. ಆಟಗಾರನ ಮನೆಯಲ್ಲಿ ಒಲೆ ಉರಿಯುವುದು ರೈಲ್ವೆ, ಒಎನ್‌ಜಿಸಿ, ಸೇನೆ, ಬ್ಯಾಂಕುಗಳಲ್ಲಿ ಕ್ರೀಡಾ ಕೋಟಾದಡಿ ಸಿಗುವ ನೌಕರಿಯಿಂದ. ಆಟದಿಂದಲೇ ಅನ್ನ ಹುಟ್ಟುತ್ತದೆ ಎಂದ ಮೇಲೆ ಅದಕ್ಕಿಂತ ದೊಡ್ಡ ವೃತ್ತಿ ಯಾವುದು?

ಪಂದ್ಯ ತಡವಾಗಿ ಶುರುವಾಯಿತು. ಕಾರಣ ಇಬ್ಬನಿ. ಡಿಸೆಂಬರಿನ ರಾತ್ರಿ ನಮ್ಮಲ್ಲಿ ಸಿಮೆಂಟ್ ನೆಲ ಬೆವರತೊಡಗುತ್ತದೆ, ದೀಪದ ಬೆಳಕಿನಲ್ಲಿ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಆರೂವರೆ ಅಡಿಯ ಮನುಷ್ಯ ಅದರ ಮೇಲೆ ಜಾರಿದರೆ ಮೊಣಕಾಲು ಉಳಿಯುವುದಿಲ್ಲ. ನಾಲ್ವರು ಹುಡುಗರು ಸಾಲಾಗಿ ಬಗ್ಗಿ, ಬೈರಾಸುಗಳನ್ನು ನೆಲಕ್ಕೆ ಒತ್ತಿಕೊಂಡು ಈ ರಿಂಗಿನಿಂದ ಆ ರಿಂಗಿನವರೆಗೆ ಓಡುತ್ತಿದ್ದರು. ತುದಿ ಮುಟ್ಟಿ, ಬೈರಾಸು ಹಿಂಡಿ, ಮತ್ತೆ ಓಟ. ರೆಫರಿ ತನ್ನ ಬೂಟಿನ ಅಡಿಯನ್ನು ನೆಲಕ್ಕೆ ಉಜ್ಜಿ ನೋಡಿ ತಲೆಯಲ್ಲಾಡಿಸುವುದು, ಹುಡುಗರು ಪುನಃ ಬಗ್ಗುವುದು. ಅವರ ಓಟಕ್ಕೇ ಒಂದು ಸುತ್ತು ಚಪ್ಪಾಳೆ ಬಿತ್ತು. ನಾವು ಅಷ್ಟರಲ್ಲಿ ಚುರುಮುರಿ ತಿಂದು ಮುಗಿಸಿದ್ದೆವು.

ನನ್ನ ಎಡಕ್ಕೆ ಒಬ್ಬರು ಹಿರಿಯರು ಕುಳಿತಿದ್ದರು. ಬಿಳಿ ಅಂಗಿ, ತಲೆಗೆ ಮಫ್ಲರ್, ತೊಡೆಯ ಮೇಲೆ ಬಟ್ಟೆಯ ಚೀಲ. ಆಟ ಶುರುವಾದ ಮೇಲೆ ಅವರ ಬಾಯಿಯೂ ಶುರುವಾಯಿತು. ರೈಲ್ವೆಯವರು ಬುಟ್ಟಿಯ ಕೆಳಗೆ ಎತ್ತರದವನನ್ನು ನಿಲ್ಲಿಸಿದ್ದಾರೆ, ಬ್ಯಾಂಕಿನವರು ಹೊರಗಿನಿಂದಲೇ ಎಸೆಯಬೇಕು, ಒಳಗೆ ನುಗ್ಗಿದರೆ ಕೆಟ್ಟರು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಮಾತು ತೂಕದ್ದಾಗಿತ್ತು. "ಸರ್, ನೀವು ಆಡುತ್ತಿದ್ದಿರಾ?" ಎಂದು ಕೇಳಿದೆ.

"ಇಲ್ಲಮ್ಮ, ನಾನು ಕ್ಯಾಷಿಯರ್. ಆದರೆ ಇದು ನಮ್ಮ ವಿಜಯಾ ಬ್ಯಾಂಕಿನ ತಂಡವಲ್ಲವೇ."

ಅಂಗಿಯ ಮೇಲೆ ಇದ್ದದ್ದು ಬ್ಯಾಂಕ್ ಆಫ್ ಬರೋಡದ ಹೆಸರು. ಆದರೆ ಎ.ಬಿ. ಶೆಟ್ಟರು 1931ರಲ್ಲಿ ಇದೇ ಮಂಗಳೂರಿನಲ್ಲಿ ಕಟ್ಟಿದ ಬ್ಯಾಂಕಿನ ನಿವೃತ್ತ ನೌಕರರಿಗೆ ಅದನ್ನು ಹೇಳಿ ಗೆಲ್ಲಲಾದೀತೇ? 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ವಿಲೀನವಾಯಿತು. ಮರುವರ್ಷ ಅದೇ ತಾರೀಖಿಗೆ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಸೇರಿದವು. "ಅದನ್ನೂ ಏಪ್ರಿಲ್ ಒಂದಕ್ಕೇ ಮಾಡಬೇಕಿತ್ತೇ?" ಎಂದು ಹಿರಿಯರು ನಕ್ಕರು. ಆಮೇಲೆ ತಮ್ಮ ಶಾಖೆಗೆ ಕೆಲ ಕಾಲ ಬಂದಿದ್ದ ಒಬ್ಬ ಆಟಗಾರನ ಕಥೆ ಹೇಳಿದರು. ಅವನು ಕೌಂಟರಿನ ಹಿಂದೆ ಕುಳಿತಿದ್ದರೂ ಗ್ರಾಹಕರಿಗೆ ನಿಂತಂತೆ ಕಾಣುತ್ತಿದ್ದನಂತೆ. "ಎದ್ದು ನಿಂತು ಏಕಪ್ಪ ಕೆಲಸ ಮಾಡುತ್ತೀ, ಕುಳಿತುಕೋ" ಎಂದು ಒಬ್ಬ ಅಜ್ಜಿ ದಿನವೂ ಮರುಗುತ್ತಿದ್ದಳಂತೆ.

ಮೂರನೆಯ ಅವಧಿ ನಡೆಯುವಾಗ ನಮ್ಮ ಹುಡುಗ ಸೀನಿದ. ಒಂದಲ್ಲ, ಸಾಲು ಸೀನು. ಹಿರಿಯರು ಆಟದಿಂದ ಕಣ್ಣು ತೆಗೆಯದೆಯೇ ಚೀಲಕ್ಕೆ ಕೈ ಹಾಕಿ ಕಿರುಬೆರಳಿನಷ್ಟು ಉದ್ದದ ಗಾಜಿನ ಸೀಸೆಯೊಂದನ್ನು ತೆಗೆದರು. ಮುಚ್ಚಳ ತಿರುಗಿಸಿ, ಸೀಸೆಯನ್ನು ತಟ್ಟಿ, ಸಾಸಿವೆಗಿಂತ ತುಸು ದಪ್ಪದ ನಾಲ್ಕು ಬಿಳಿ ಗುಳಿಗೆಗಳನ್ನು ಮುಚ್ಚಳದೊಳಕ್ಕೆ ಉರುಳಿಸಿದರು. "ಕೈ ತಾಗಿಸಬಾರದು. ನಾಲಿಗೆ ಚಾಚು."

ನನಗೆ ಥಟ್ಟನೆ ನಗು ಬಂತು. ನಮ್ಮ ತಾಯಿಯ ಮನೆಯಲ್ಲಿ ಒಂದು ಹಳೆಯ ಕಥೆಯಿದೆ. ಸೋದರಮಾವ ಮುಂಬಯಿಯಲ್ಲಿ ಕೆಲಸಕ್ಕೆ ಸೇರಿದ ಕಾಲಕ್ಕೆ ಕೋಣೆಯ ಜೊತೆಗಾರನೊಬ್ಬ ಸಿಕ್ಕವರಿಗೆಲ್ಲ ಗುಳಿಗೆ ಹಂಚುತ್ತಿದ್ದನಂತೆ. ತಿಂಗಳ ಕೊನೆಗೆ ಸಕ್ಕರೆ ಮುಗಿದಾಗ ಮಾವ ಆ ಇಡೀ ಸೀಸೆಯನ್ನೇ ಚಹಾಕ್ಕೆ ಸುರಿದುಕೊಂಡರಂತೆ. ಆ ಜೊತೆಗಾರನ ನಿಜವಾದ ಹೆಸರು ನಮಗ್ಯಾರಿಗೂ ಗೊತ್ತಿಲ್ಲ. ಮನೆಯ ಮಕ್ಕಳಿಗೆಲ್ಲ ಅವನು ಬರೀ 'ಹೋಮಿಯೋಪತಿ'.

ನೇರವಾಗಿ ಕೇಳುವುದು ಹೇಗೆ? ನಮ್ಮ ಊರಿನ ಮಾಮೂಲಿ ದಾರಿ ಹಿಡಿದೆ. ಯಾವ ಯಾವ ಶಾಖೆಯಲ್ಲಿದ್ದಿರಿ ಎಂದೆ. ಅವರು ಉತ್ತರ ಹೇಳುವ ಮೊದಲು ತಮ್ಮ ಪ್ರಶ್ನೆ ಹಾಕಿದರು: "ನಿಮ್ಮ ತಾಯಿಯ ಮನೆ ಎಲ್ಲಿ?" ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಕಟ್ಟು ಸಡಿಲವಾಗಿ ಎಷ್ಟು ಕಾಲವಾದರೂ ನಮ್ಮವರಿಗೆ ತಾಯಿಯ ಮನೆ ತಿಳಿಯದೆ ಮನುಷ್ಯರು ಯಾರೆಂದು ತಿಳಿಯುವುದಿಲ್ಲ. ಕಿನ್ನಿಗೋಳಿಯ ಹತ್ತಿರ ಎಂದೆ. ಅವರು ಮಫ್ಲರ್ ಸಡಿಲಿಸಿದರು.

"ಅಲ್ಲಿಯವನೊಬ್ಬ ನನ್ನ ಜೊತೆ ಘಾಟ್ಕೋಪರಿನ ಕೋಣೆಯಲ್ಲಿದ್ದ. ದೊಡ್ಡ ಕಳ್ಳ. ನನ್ನ ಔಷಧಿಯನ್ನು ಚಹಾಕ್ಕೆ ಹಾಕಿಕೊಂಡು ಕುಡಿದವನು. ಪುಣ್ಯಕ್ಕೆ ಆ ಸೀಸೆಗೆ ನಾನು ಇನ್ನೂ ಮದ್ದು ಬೆರೆಸಿರಲಿಲ್ಲ."

ಮನೆಯ ಕಥೆಯಲ್ಲಿ ಈ ಕೊನೆಯ ಸಾಲು ಇರಲಿಲ್ಲ. ಮಾವ ಈಗ ಸುರತ್ಕಲ್ಲಿನಲ್ಲಿದ್ದಾರೆ. ಇವರ ಮನೆ ಬಿಜೈಯಲ್ಲಿ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯೂ ಹಿಡಿಯದ ದೂರದಲ್ಲಿದ್ದುಕೊಂಡು ಇಬ್ಬರೂ ಒಬ್ಬರಿನ್ನೊಬ್ಬರು ಮುಂಬಯಿಯಲ್ಲೇ ಉಳಿದರೆಂದು ತಿಳಿದಿದ್ದರು. ನಾನು ಮೊಬೈಲ್ ತೆಗೆದು ಮಾವನಿಗೆ ಕರೆ ಮಾಡಿ ಅವರ ಕೈಗೆ ಕೊಟ್ಟೆ.

ಆಮೇಲೆ ನಡೆದದ್ದನ್ನು ಸಂಭಾಷಣೆ ಎನ್ನಲಾಗದು. ಮಾವನಿಗೆ ಕಿವಿ ಮಂದ, ಇಲ್ಲಿ ಕೊನೆಯ ಅವಧಿಯ ಗದ್ದಲ. ಇವರು ನಿಂತು ಕೂಗಿದರು, ಅವರು ಅಲ್ಲಿಂದ ಕೂಗಿದರು. ಮಧ್ಯೆ ನನ್ನನ್ನು ಕರೆದು, ಕೋಣೆಯಲ್ಲಿದ್ದ ಇನ್ನೊಬ್ಬ ಯಾರು, ಪುತ್ತೂರಿನವನೋ ಕುಂದಾಪುರದವನೋ ಎಂದು ನನಗೇ ಪ್ರಶ್ನೆ. ಹಿಂದಿನ ಸಾಲಿನ ಮಹಿಳೆಯೊಬ್ಬರು, "ಪುತ್ತೂರಿನವರು ಅಲ್ಲವೇ? ಅವರು ನಮ್ಮ ಭಾವನ ಅಣ್ಣ" ಎಂದು ತಾವಾಗಿಯೇ ಸೇರಿಕೊಂಡರು. ಅದೂ ಸರಿಯಾಗಿತ್ತು. ಅಂಗಣದಲ್ಲಿ ಹತ್ತು ಜನ ಓಡುತ್ತಿದ್ದರು, ಜನ ಎದ್ದು ನಿಂತಿದ್ದರು, ನಾವು ಮೂವರು ಮಾತ್ರ ಘಾಟ್ಕೋಪರಿನಲ್ಲಿದ್ದೆವು.

ಸೀಟಿ ಊದಿತು. ಅಕ್ಕನ ಮಗ ನಮ್ಮತ್ತ ತಿರುಗಿದ, ಮುಖ ಕೆಂಪಾಗಿತ್ತು. "ಎಂಥ ಆಟ ಚಿಕ್ಕಮ್ಮ! ಕೊನೆಯ ಎಸೆತ ರಿಂಗಿನ ಸುತ್ತ ತಿರುಗಿ ಹೊರಗೆ ಬಿತ್ತು. ನೀವು ನೋಡಲೇ ಇಲ್ಲ!" ಎರಡು ಅಂಕಗಳಿಂದ ರೈಲ್ವೆ ಗೆದ್ದಿತ್ತು. ಇವರು ವೃತ್ತಿಪರರಲ್ಲ ಎಂದವನು ಅದೇ ಆಟಗಾರರ ಜೊತೆ ಫೋಟೊ ತೆಗೆಸಿಕೊಳ್ಳಲು ಬೇಲಿ ಹಾರುವ ತಯಾರಿಯಲ್ಲಿದ್ದ.

ಫೋನಿನಲ್ಲಿ ಮಾವ ಏನೋ ಕೇಳಿದರು. "ಯಾರು ಗೆದ್ದರು ಎನ್ನುತ್ತಾನೆ" ಎಂದು ಹಿರಿಯರು ನನಗೆ ಹೇಳಿ, ಮೊಬೈಲಿಗೆ ಕೂಗಿದರು: "ನಮ್ಮವರೇ! ವಿಜಯಾ!"

"ಸೋತದ್ದಲ್ಲವೇ, ಅಜ್ಜ?" ಎಂದ ಹುಡುಗ.

"ಅದನ್ನು ಭಾನುವಾರ ಅವನ ಮನೆಗೆ ಹೋದಾಗ ಹೇಳುತ್ತೇನೆ. ಊಟಕ್ಕೆ ಕರೆದಿದ್ದಾನೆ" ಎಂದು ಸೀಸೆಯನ್ನು ಚೀಲಕ್ಕೆ ಹಾಕಿಕೊಂಡರು.

"ನಾನೂ ಬರುತ್ತೇನೆ ಮಾವ" ಎಂದೆ.