ಬೆಲ್ಟ್ ಹಾಕಿಸಿದ ಮೇಲೆ ಶುರುವಾದ ನಡುಕ

ಟೈಮಿಂಗ್ ಬೆಲ್ಟ್ (ಪಿಸ್ಟನ್ ಓಡಾಟಕ್ಕೆ ಸರಿಯಾಗಿ ವಾಲ್ವ್ ತೆರೆದು ಮುಚ್ಚೋ ಹಾಗೆ ಮಾಡೋ ಹಲ್ಲಿನ ಬೆಲ್ಟ್) ಬದಲಿಸಿಕೊಂಡು ಬಂದ ನಮ್ಮ ಸ್ಯಾಂಟ್ರೋ ಐಡಲಿಂಗ್‌ನಲ್ಲಿ ನಡುಗೋಕೆ ಶುರು ಮಾಡಿತು. ದಾವಣಗೆರೆಯ ಜಯದೇವ ಸರ್ಕಲ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತರೆ ಸ್ಟೀರಿಂಗ್, ಕನ್ನಡಿ, ಡ್ಯಾಶ್‌ಬೋರ್ಡ್ ಮೇಲಿನ ಚಿಲ್ಲರೆ ಎಲ್ಲ ಗಡಗಡ. ಎಸಿ ಹಾಕಿದರೆ ಇನ್ನೇನು ಆಫ್ ಆಯಿತು ಅನ್ನೋ ಹಾಗೆ ಇಂಜಿನ್ ಕುಗ್ಗುತ್ತಿತ್ತು. ಆನಗೋಡು ಕಡೆ ಹೈವೇಗೆ ತಗೊಂಡು ಹೋದರೆ ಓಡೋದೇನೋ ಓಡುತ್ತೆ, ಆದರೆ ನಾಲ್ಕನೇ ಗೇರಲ್ಲಿ ಆರಾಮಾಗಿ ಎಳೆಯುತ್ತಿದ್ದ ಕಡೆ ಮೂರಕ್ಕೆ ಇಳಿಸಬೇಕು.

ಕೆಲಸ ಮಾಡಿದ ಗ್ಯಾರೇಜಿನವರು "ಸರ್, ಪ್ಲಗ್ ಹಳೇದಾಗಿದೆ, ಇಂಜೆಕ್ಟರ್ ಕ್ಲೀನ್ ಮಾಡಿಸಿ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಬೆಳಿಗ್ಗೆ ಚೆನ್ನಾಗಿದ್ದ ಪ್ಲಗ್ ಸಂಜೆಗೆ ಹಾಳಾಗುತ್ತಾ? ಬೆಲ್ಟ್ ಹಾಕೋಕೆ ಏನೇನು ಬಿಚ್ಚಿದ್ದಾರೋ ಮೊದಲು ಅದನ್ನ ನೋಡಬೇಕು ಅಲ್ವಾ?

ಪಿ.ಬಿ. ರಸ್ತೆ ಕಡೆ ಹಳೇ ಪರಿಚಯದ ಮೆಕ್ಯಾನಿಕ್ ಇದ್ದಾರೆ. ವಯಸ್ಸಾದವರು, ಎಲ್ಲರೂ ಭಾಯ್ ಅಂತೀವಿ. ಬಾನೆಟ್ ಎತ್ತೋಕೂ ಮೊದಲು ಅವರು ಕೇಳಿದ್ದು, "ಏನೇನು ಬಿಚ್ಚಿದ್ರು, ಅದು ಹೇಳ್ರಿ." ಬೆಲ್ಟ್ ಬದಿಯ ಇಂಜಿನ್ ಮೌಂಟಿಂಗ್ ಬಿಚ್ಚಿದ್ದರು ಅಂದೆ. ಅದರ ಬೋಲ್ಟ್ ಸಡಿಲ ಉಳಿದರೂ ಗಾಡಿ ಹೀಗೇ ನಡುಗುತ್ತೆ. ಪಾನಾ ಹಾಕಿ ನೋಡಿದರು, ಬಿಗಿಯಾಗಿತ್ತು. ವ್ಯಾಕ್ಯೂಮ್ ಪೈಪ್‌ಗಳನ್ನು ಬುಡದ ತನಕ ಬೆರಳಲ್ಲಿ ತಡವಿದರು. ಪ್ಲಗ್ ವೈರ್ ಅದಲುಬದಲಾಗಿಲ್ಲ, ಸೆನ್ಸರ್ ಕನೆಕ್ಟರ್ ಸರಿಯಾಗಿ ಕೂತಿದೆ, ಸ್ಕ್ಯಾನರ್ ಹಾಕಿದರೆ ದೋಷ ಹೇಳೋ ಒಂದು ಕೋಡೂ ಇಲ್ಲ. ಇಷ್ಟು ನೋಡಿಯೂ ಏನೂ ಸಿಗದಿದ್ದರೆ ಜಾಸ್ತಿ ಮೆಕ್ಯಾನಿಕ್‌ಗಳು ಕೈಗೆ ಸಿಕ್ಕಿದ ಪಾರ್ಟ್ ಬದಲಿಸೋಕೆ ಶುರು ಮಾಡ್ತಾರೆ.

ಭಾಯ್ ವ್ಯಾಕ್ಯೂಮ್ ಗೇಜ್, ಅಂದರೆ ಇಂಜಿನ್ ಗಾಳಿ ಎಳೆಯೋ ಬಲ ಅಳೆಯೋ ಮೀಟರ್ ತೆಗೆದು, ಸಿಲಿಂಡರಿಗೆ ಗಾಳಿ ಒಯ್ಯೋ ಇನ್‌ಟೇಕ್ ಮ್ಯಾನಿಫೋಲ್ಡಿನ ಪೈಪಿಗೆ ಸಿಕ್ಕಿಸಿದರು. ಸಮುದ್ರಮಟ್ಟದ ಊರಲ್ಲಾದರೆ ಒಳ್ಳೆ ಇಂಜಿನ್ ಐಡಲಿಂಗ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತೆ. ಪ್ರತಿ ಸಾವಿರ ಅಡಿ ಮೇಲೆ ಹೋದರೆ ಒಂದಿಂಚು ಕಡಿಮೆ. ದಾವಣಗೆರೆ ಸುಮಾರು 600 ಮೀಟರ್, ಅಂದರೆ ಎರಡು ಸಾವಿರ ಅಡಿಯಷ್ಟು ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ಎರಡಿಂಚು ಬಿಟ್ಟು ಲೆಕ್ಕ ಹಾಕಬೇಕು. 15 ಆದರೂ ಇರಬೇಕಿತ್ತು. ಮುಳ್ಳು 12ರ ಹತ್ತಿರ ಇತ್ತು. ಅದಕ್ಕಿಂತ ಮುಖ್ಯ ಅದು ನಿಂತ ರೀತಿ. ಒಂದು ವಾಲ್ವ್ ಸರಿಯಾಗಿ ಕೂರದಿದ್ದರೆ ಮುಳ್ಳು ತಾಳ ಹಾಕಿದ ಹಾಗೆ ಬಿದ್ದು ಏಳುತ್ತೆ, ಇಲ್ಲಿ ಇಂಜಿನ್ ಅಷ್ಟು ನಡುಗುತ್ತಿದ್ದರೂ ಮುಳ್ಳು ಮಾತ್ರ ಅಲ್ಲಾಡದೆ ಕೆಳಗೇ ನಿಂತಿತ್ತು. ನಾಲ್ಕೂ ಸಿಲಿಂಡರಿಗೆ ಒಂದೇ ಕಾಯಿಲೆ. "ವಾಲ್ವ್ ಲೇಟಾಗಿ ತೆಗೀತಾ ಐತ್ರಿ" ಅಂದರು ಭಾಯ್.

ಬೆಲ್ಟಿನ ಕವರ್ ಬಿಚ್ಚಿ, ಪಿಸ್ಟನ್‌ಗಳಿಗೆ ಸೇರಿದ ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ತಿರುಗಿಸಿದರು. ಕ್ರ್ಯಾಂಕಿನ ಗುರುತು ಸರಿಯಾಗಿ ಬಂದು ಕೂತಾಗ ವಾಲ್ವ್ ತೆಗೆಯೋ ಕ್ಯಾಮ್ ಗಾಲಿಯ ಗುರುತು ಹಿಂದೆ ಉಳಿದಿತ್ತು. ಒಂದು ಹಲ್ಲು. ಕಣ್ಣಿಗೆ ಸಣ್ಣದು, ಆದರೆ ಕ್ರ್ಯಾಂಕ್ ಗಾಲಿಗೆ 20 ಹಲ್ಲು ಅಂದುಕೊಂಡರೆ ಅದು 18 ಡಿಗ್ರಿ. ಮುಚ್ಚೋ ಹೊತ್ತು ದಾಟಿದರೂ ಇನ್‌ಟೇಕ್ ವಾಲ್ವ್ ತೆರೆದೇ ಇರುತ್ತೆ, ಒಳಗೆ ಬಂದ ಗಾಳಿಯನ್ನ ಪಿಸ್ಟನ್ ವಾಪಸ್ ತಳ್ಳುತ್ತೆ. ಕಂಪ್ರೆಶನ್ ಎಲ್ಲಿಂದ ಬರಬೇಕು?

ಬೆಲ್ಟ್ ಹಾಕುವಾಗ ಸಡಿಲವೆಲ್ಲ ಟೆನ್ಷನರ್ (ಬೆಲ್ಟ್ ಬಿಗಿ ಮಾಡೋ ಗಾಲಿ) ಇರೋ ಬದಿಗೇ ಬರಬೇಕು. ಆಚೆ ಬದಿಯಲ್ಲಿ ಸಡಿಲ ಉಳಿದರೆ, ಟೆನ್ಷನರ್ ಬಿಟ್ಟ ತಕ್ಷಣ ಬೆಲ್ಟ್ ಎಳೆದುಕೊಂಡು ಗುರುತು ಜಾರುತ್ತೆ. ಭಾಯ್ ಮತ್ತೆ ಕೂರಿಸಿ, ಪಾನಾ ನನ್ನ ಕೈಗೆ ಕೊಟ್ಟು "ಎರಡು ಸುತ್ತು ತಿರುಗಿಸ್ರಿ" ಅಂದರು. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಎರಡೂ ಗುರುತು ತಮ್ಮ ಜಾಗಕ್ಕೇ ಬಂದವು. ಸ್ಟಾರ್ಟ್ ಮಾಡಿದರೆ ಮುಳ್ಳು 17. ಎಸಿ ಹಾಕಿದರೂ ಇಂಜಿನ್ ಕುಗ್ಗಲಿಲ್ಲ. ಕೆಲವೇ ನಿಮಿಷದ ಈ ಪರೀಕ್ಷೆಯನ್ನ ಆ ಗ್ಯಾರೇಜಿನವರು ಬಿಟ್ಟಿದ್ದಕ್ಕೆ ನನಗೆ ನಿಜಕ್ಕೂ ಸಿಟ್ಟು ಬಂತು. ಇನ್ನೂ ಜಾಸ್ತಿ ಹಲ್ಲು ಜಾರಿದ್ದರೆ ಕೆಲವು ಇಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್‌ಗೆ ಬಡಿದು ಬಾಗಿ ಹೋಗುತ್ತೆ.

ಆ ಗ್ಯಾರೇಜಿಗೂ ಹೋಗಿ ಹೇಳಿದೆ. ಮಾಲೀಕರು ಮೊದಲು ಒಪ್ಪಲಿಲ್ಲ. ಗುರುತಿನ ಫೋಟೋ ತೋರಿಸಿದ ಮೇಲೆ ಲೇಬರ್ ಚಾರ್ಜಲ್ಲಿ ಅರ್ಧ ವಾಪಸ್ ಕೊಟ್ಟರು. ಹೊರಗೆ ಬರುವಾಗ ಅಲ್ಲಿನ ಕೆಲಸದ ಹುಡುಗ ಹಿಂದೆಯೇ ಬಂದು, "ಅಣ್ಣಾ, ಸಡಿಲ ಯಾವ ಕಡೆ ಬಿಡ್ಬೇಕಂತೆ?" ಅಂತ ಕೇಳಿದ. ಬಿಲ್ಲಿನ ಹಿಂಬದಿಯಲ್ಲಿ ಎರಡು ಗಾಲಿ, ಬೆಲ್ಟ್, ಟೆನ್ಷನರ್ ಬರೆದು ತೋರಿಸಿದೆ.