ಬೆಲ್ಲಿಂಗ್‌ಹ್ಯಾಮ್‌ನ ಕಲ್ಲಿನ ಕಮಾನು

ಅಮೆರಿಕದ ಸಿಯಾಟಲ್ ಕಡೆಗೆ ಬಂದು ಹತ್ತು ವರ್ಷವಾಯಿತು. ವ್ಯಾಂಕೂವರ್‌ಗೆ ಹೋಗುವಾಗೆಲ್ಲ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಕಾರು ನಿಲ್ಲಿಸಿ ಕಾಫಿ ಕುಡಿಯುತ್ತೇವೆ. ಕೆನಡಾ ಗಡಿಗೆ ಹತ್ತಿರ, ಸಮುದ್ರದ ದಂಡೆಯ ಊರು. ಕಳೆದ ಸಲ ಮಗಳು ಲೈಬ್ರರಿ ನೋಡಬೇಕೆಂದು ಹಟ ಹಿಡಿದಳು. ಅದರ ಪಕ್ಕದಲ್ಲೇ ಒಂದು ಗ್ರಾನೈಟ್ ಕಮಾನು, ಮಳೆಗೆ ನೆನೆದು ಹೊಳೆಯುತ್ತಿತ್ತು. ಅದರ ಕಥೆ ತಿಳಿದ ಮೇಲೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

1907ರ ಸೆಪ್ಟೆಂಬರ್ 4. ಇಲ್ಲಿನ ಮರದ ಮಿಲ್ಲುಗಳಲ್ಲಿ ಪಂಜಾಬಿನಿಂದ ಬಂದವರು ದುಡಿಯುತ್ತಿದ್ದರು. ಅವತ್ತು ರಾತ್ರಿ 400-500 ಬಿಳಿಯರ ಗುಂಪು ಅವರ ಬಿಡಾರಗಳಿಗೆ ನುಗ್ಗಿತು. ಮಲಗಿದ್ದವರನ್ನು ಬೀದಿಗೆ ಎಳೆದು ಹೊಡೆದರು. ಬೆವರು ಸುರಿಸಿ ಕೂಡಿಟ್ಟ ದುಡ್ಡು ದೋಚಿದರು. ಸುಮಾರು 200 ಜನರನ್ನು ಸಿಟಿ ಹಾಲಿನ ನೆಲಮಾಳಿಗೆಗೆ ತುಂಬಿದರು. ಕೆಲವೇ ದಿನಗಳಲ್ಲಿ ಅಷ್ಟೂ ಜನ ಊರು ಬಿಟ್ಟರು. ಯಾರೂ ಸಾಯಲಿಲ್ಲ. ಆದರೆ ಯಾರಿಗೂ ಶಿಕ್ಷೆಯೂ ಆಗಲಿಲ್ಲ.

ಕಡಿಮೆ ಕೂಲಿಗೆ ದುಡಿದು ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ ಅನ್ನೋದು ಗುಂಪಿನ ಸಿಟ್ಟು. ಹೊರದೇಶದವರಿಗೆ ಇಲ್ಲಿ ಕೆಲಸಕ್ಕೆ ಕೊಡುವ ಎಚ್‌1ಬಿ ವೀಸಾ ವಿಷಯ ಬಂದಾಗೆಲ್ಲ ಈಗಲೂ ಅದೇ ಮಾತು ಕೇಳುತ್ತೇನೆ. ಏಟು ತಿಂದವರಲ್ಲಿ ಹೆಚ್ಚಿನವರು ಸಿಖ್ಖರು. ಪತ್ರಿಕೆಗಳು ಮಾತ್ರ ಎಲ್ಲರನ್ನೂ ‘ಹಿಂದೂಗಳು’ ಅಂದವು. ಅವರು ಯಾರು, ಯಾವ ಊರಿನವರು ಅನ್ನೋದು ಯಾರಿಗೂ ಬೇಕಿರಲಿಲ್ಲ.

ನಮ್ಮವರ ಕೂಟಗಳಲ್ಲಿ “ನಾವು ಓದಿ ಬಂದವರು, ನಮ್ಮ ವಿಷಯ ಬೇರೆ” ಅನ್ನುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. 2017ರಲ್ಲಿ ಕಾನ್ಸಾಸ್‌ನ ಬಾರ್ ಒಂದರಲ್ಲಿ ಜನಾಂಗ ದ್ವೇಷದ ಗುಂಡೇಟಿಗೆ ಬಲಿಯಾದ ಹೈದರಾಬಾದಿನ ಎಂಜಿನಿಯರ್ ಕೂಡ ಓದಿ ಬಂದವರೇ ಅಲ್ವಾ?

ತಪ್ಪಾಯಿತು ಅನ್ನೋಕೆ ಊರಿಗೆ 100 ವರ್ಷ ಬೇಕಾಯಿತು. 2007ರಲ್ಲಿ ಮೇಯರ್ ಕ್ಷಮೆ ಕೇಳಿದರು, ಸ್ಥಳೀಯ ಪತ್ರಿಕೆಯೂ ಕೇಳಿತು. ಕಮಾನು ನಿಂತದ್ದು 2018ರಲ್ಲಿ. 1885ರಲ್ಲಿ ಓಡಿಸಿದ ಚೀನೀಯರು, 1942ರಲ್ಲಿ ಯುದ್ಧದ ನೆಪದಲ್ಲಿ ಬಂಧನ ಶಿಬಿರಗಳಿಗೆ ಸಾಗಿಸಿದ ಜಪಾನ್ ಮೂಲದವರು, ಇವರ ನೆನಪಿಗೂ ಅದೇ ಕಮಾನು.

ಹಳೇ ಸಿಟಿ ಹಾಲ್ ಈಗ ಮ್ಯೂಸಿಯಂ. ಕೆಂಪು ಇಟ್ಟಿಗೆಯ ಚೆಂದದ ಕಟ್ಟಡ. ಅದರ ಮುಂದೆ ನಿಂತು ಮಗಳು ಕೇಳಿದಳು, “ಅಪ್ಪಾ, ಅಕ್ಕಪಕ್ಕದ ಮನೆಯವರು ಏನ್ ಮಾಡ್ತಿದ್ರು?”

ನನಗೆ 2012ರ ಆಗಸ್ಟ್ ನೆನಪಾಯಿತು. ಆಗ ಬೆಂಗಳೂರಿನಲ್ಲಿದ್ದೆ. ತಮ್ಮ ಮೇಲೆ ದಾಳಿಯಾಗುತ್ತದೆ ಅನ್ನೋ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿ ರೈಲು ಹತ್ತಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಹುಡುಗನೂ ಒಂದು ಬ್ಯಾಗ್ ಹೆಗಲಿಗೇರಿಸಿ ಹೊರಟಿದ್ದ. ಎರಡು ವರ್ಷ ನಾವೆಲ್ಲ ಅವನನ್ನು ‘ನೇಪಾಳಿ’ ಅಂತಲೇ ಕರೆದಿದ್ದೆವು. ಅಸ್ಸಾಮಿನವನು ಅಂತ ಗೊತ್ತಾದದ್ದು ಅವತ್ತು. ಗೇಟಿನ ಹತ್ತಿರ ನಿಂತು ಅವನು ಆಟೋ ಹತ್ತುವುದನ್ನು ನೋಡಿದೆ. ಇರು ಅನ್ನಲಿಲ್ಲ. ಹೆಸರೂ ಕೇಳಲಿಲ್ಲ.

ಮಗಳಿಗೆ ಅದನ್ನೇ ಹೇಳಿದೆ.