ತಂತಿ ಕಟ್ಟಿದ ಬಾನೆಟ್

ನಮ್ಮ ಆಲ್ಟೋ 2009ರದ್ದು. ಅಪ್ಪ ತಗೊಂಡ ಗಾಡಿ, ಕೆಎ-28, ಬಣ್ಣ ಕೆಂಪು ಅಂತ ಆರ್‌ಸಿಯಲ್ಲಿದೆ. ವಿಜಯಪುರದ ಬಿಸಿಲಿಗೆ ಅದು ಯಾವತ್ತೋ ಇಟ್ಟಿಗೆ ಬಣ್ಣವಾಗಿದೆ, ಬಿಡಿ. 2024ಕ್ಕೆ ಹದಿನೈದು ವರ್ಷ ತುಂಬಿತು. ಇನ್ನೈದು ವರ್ಷ ಓಡಿಸಬೇಕಂದ್ರೆ ಗಾಡಿಯನ್ನೇ ಆರ್‌ಟಿಒಗೆ ಒಯ್ದು ತೋರಿಸಬೇಕು. ನೋಂದಣಿ ನವೀಕರಣಕ್ಕೆ ಫಾರ್ಮ್ 25, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್, ಆಗ ಫೀ 5000, ಹಳೇ ಗಾಡಿಗೆ ಹಾಕೋ ಹಸಿರು ತೆರಿಗೆ ಬೇರೆ. ತಡ ಮಾಡಿದರೆ ತಿಂಗಳಿಗೆ 500 ದಂಡ ಇತ್ತು.

ಬ್ರೇಕ್ ಮಾಡಿಸಿದೆ, ಟೈರ್ ಹಾಕಿಸಿದೆ, ಹಾರ್ನ್, ವೈಪರ್, ಲೈಟು ಎಲ್ಲ ನೋಡಿದೆ. ಎಂಜಿನ್ ಮೇಲಿನ ಮುಚ್ಚಳ, ಬಾನೆಟ್, ಅದು ಮಾತ್ರ ನೆನಪಿಗೇ ಬರಲಿಲ್ಲ, ಯಾಕಂದ್ರೆ ಅದಕ್ಕೆ ತಂತಿ ಕಟ್ಟಿ ಎರಡು ವರ್ಷ ಆಗಿತ್ತು. ಕೊಲ್ಹಾರದ ಕೃಷ್ಣಾ ನದಿ ಸೇತುವೆ ಮೇಲೆ ಎದುರು ಗಾಳಿಗೆ ಅದು ದಡದಡ ಅಂತ ಕುಣಿಯೋಕೆ ಶುರು ಮಾಡಿದಾಗ ಅಪ್ಪ ಗಾಡಿ ನಿಲ್ಲಿಸಿ, ಡಿಕ್ಕಿಯಲ್ಲಿದ್ದ ತಂತಿಯನ್ನು ಗ್ರಿಲ್ ಸಂದಿಯಲ್ಲಿ ತೂರಿಸಿ ಬಿಗಿದಿದ್ದರು. ಮೊಸರು ತಗೊಂಡು ಮನೆಗೆ ಬಂದ್ವಿ, ಮರೆತ್ವಿ.

ಆರ್‌ಟಿಒದಲ್ಲಿ ಇನ್ಸ್‌ಪೆಕ್ಟರ್ ಮೊದಲು ಕೇಳಿದ್ದೇ ಅದು.

"ಬಾನೆಟ್ ತಗೀರಿ, ಚಾಸಿ ನಂಬರ್ ನೋಡಬೇಕು."

ಗಾಡಿಯ ಗುರುತಿಗೆ ಕಂಪನಿಯವರೇ ಕೆತ್ತಿದ ಆ ನಂಬರ್ ನಮ್ಮ ಗಾಡಿಯಲ್ಲಿ ಇರೋದು ಎಂಜಿನ್ ಹಿಂದಿನ ತಗಡಿನ ಮೇಲೆ. ಪಕ್ಕದ ಆಟೋದವರ ಹತ್ತಿರ ಕಟಿಂಗ್ ಪ್ಲೇಯರ್ ಇಸ್ಕೊಂಡು, ಲೈನ್ ಪೂರ್ತಿ ನೋಡ್ತಾ ಇರುವಾಗ ತಂತಿ ಬಿಚ್ಚಿದೆ. ಇನ್ಸ್‌ಪೆಕ್ಟರ್ ಬಾನೆಟ್ಟಿನ ಮುಂದಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಹಪ್ಪಳ ಮುರಿದ ಹಾಗೆ ತುಕ್ಕು ಉದುರಿತು.

"ಇದು ಹಾರಿ ಗ್ಲಾಸಿಗೆ ಬಡಿದ್ರ ಮುಂದ ಏನ್ ಕಾಣತೈತ್ರಿ ನಿಮಗ? ಸರಿ ಮಾಡಿಸ್ಕೊಂಡು ಬರ್ರಿ."

ನಾಚಿಕೆ ಆಯ್ತು. ಅವರು ಹೇಳಿದ್ದು ಸರಿಯೇ ಇತ್ತು ಅಲ್ವಾ.

ಗಾಡಿಯ ತಗಡು ರಿಪೇರಿ ಮಾಡೋ ಟಿಂಕರಿಂಗ್ ಚಾಚಾ ಹತ್ತಿರ ಒಯ್ದೆ. ಅವರು ಜೇಬಿನಿಂದ ಸಣ್ಣ ಮ್ಯಾಗ್ನೆಟ್ ತೆಗೆದು ಅಂಚಿನ ಉದ್ದಕ್ಕೂ ಹಿಡಿದರು. ಅರ್ಧ ಕಡೆ ಅಂಟಲೇ ಇಲ್ಲ. ಬಣ್ಣದ ಕೆಳಗೆ ತಗಡಿಲ್ಲ, ಗುಂಡಿ ತುಂಬೋ ಪುಟ್ಟಿ ಅಷ್ಟೇ! ಬಾನೆಟ್ ಅಂದ್ರೆ ಎರಡು ತಗಡು, ಅಂಚಿನಲ್ಲಿ ಮಡಚಿ ಒತ್ತಿರುತ್ತಾರೆ. ನೀರು ಹೊರಗೆ ಹೋಗಲಿ ಅಂತ ಒಳಗಡೆ ಸಣ್ಣ ತೂತು ಇರುತ್ತವೆ, ನಮ್ಮ ಎರೆಮಣ್ಣಿನ ಧೂಳು ಹೋಗಿ ಅದನ್ನೇ ಮುಚ್ಚಿಬಿಟ್ಟರೆ ತೊಳೆದ ನೀರು, ಮಳೆ ನೀರು ಅಲ್ಲೇ ನಿಂತು ಒಳಗಿನಿಂದ ತಿನ್ನುತ್ತದೆ. ಹೊರಗೆ ಗುಳ್ಳೆ ಕಾಣೋ ಹೊತ್ತಿಗೆ ಒಳಗೆ ಮುಗಿದಿರುತ್ತದೆ.

ಲಾಕ್ ಕಥೆ ಇನ್ನೊಂದು. ಸ್ಟೀರಿಂಗ್ ಕೆಳಗಿನ ಲಿವರ್ ಎಳೆದರೆ ಬಿಡೋದು ಮೊದಲ ಲಾಕ್ ಮಾತ್ರ. ಬೆರಳು ತೂರಿಸಿ ಒತ್ತುತ್ತೀವಲ್ಲ, ಆ ಕೊಕ್ಕೆ ಎರಡನೆಯದು. ಮೊದಲನೆಯದು ದಾರಿಯಲ್ಲಿ ಕೈಕೊಟ್ಟರೆ ಬಾನೆಟ್ ಹಾರದ ಹಾಗೆ ಹಿಡಿಯೋದೇ ಈ ಕೊಕ್ಕೆ. ನಮ್ಮದರ ಸ್ಪ್ರಿಂಗ್ ತುಕ್ಕು ಹಿಡಿದು ಸತ್ತಿತ್ತು. ಅಂದ್ರೆ ಎರಡು ವರ್ಷ ನಾವು ನಂಬಿದ್ದು ಒಂದು ತಂತಿಯನ್ನ.

ಗುಜರಿಯಲ್ಲಿ ಬಾನೆಟ್ ಸಿಕ್ಕಿತು, ಗಟ್ಟಿ ಮಾಲು, ಆದರೆ ನೀಲಿ. ಹಾಗೇ ಹಾಕಿಸಿಬಿಡೋಣ ಅಂದೆ. ಚಾಚಾ ನಕ್ಕರು. "ಆರ್‌ಸಿದಾಗ ಕೆಂಪು ಅಂತ ಬರದೈತಿ, ನೀಲಿ ಮುಖ ತಗೊಂಡು ಮತ್ತ ಅಲ್ಲೇ ಹೋಗ್ತಿಯೇನ್ ತಮ್ಮಾ?" ಕಬ್ಬಿಣಕ್ಕಿಂತ ಬಣ್ಣಕ್ಕೇ ಜಾಸ್ತಿ ಖರ್ಚಾಯ್ತು. ಲಾಕ್, ಕೇಬಲ್ ಮಾತ್ರ ಹೊಸದೇ ಹಾಕಿಸಿದೆ.

ಎರಡನೇ ಸಲ ಇನ್ಸ್‌ಪೆಕ್ಟರ್ ತೆಗೆದರು, ನಂಬರ್ ನೋಡಿದರು, ಒಂದಡಿ ಮೇಲಿಂದ ಕೈಬಿಟ್ಟರು. ಟಕ್ ಅಂತ ಕೂತಿತು.

ಅಪ್ಪ ಮಾತ್ರ ಈಗಲೂ ಕೊಲ್ಹಾರ ಬಂದರೆ ಸೇತುವೆಗೆ ಮುಂಚೆ ಗಾಡಿ ನಿಲ್ಲಿಸಿ, ಇಳಿದು, ಬಾನೆಟ್ ಮೇಲೆ ಎರಡು ಏಟು ಬಡಿದು ಬರುತ್ತಾರೆ.